ಬ್ಲಾಕ್ ಆದ ನಂಬರುಗಳಲ್ಲಿ ಒಂದು

“ಈ ಫೋನಿಗೆ ಬರುವ ಜಾಹೀರಾತೆಲ್ಲ ಒಮ್ಮೆ ನಿಲ್ಲಿಸಿ ಕೊಡ್ಬಹುದಾ?”

ಬ್ಯಾಗಿನಲ್ಲಿ ಫೋನು ಹುಡುಕುತ್ತಲೇ ಕೇಳಿದ ಚಿನ್ಮಯೀ ತಲೆ ಎತ್ತಿದಳು.

ಕೌಂಟರಿನ ಹಿಂದೆ ಕೂತಿದ್ದವನು ಶೈಲೇಶ್.

ಅವನನ್ನು ನೋಡದೆ ಎರಡು ವರ್ಷ... ಸುಳ್ಯ ಪೇಟೆಯಲ್ಲಿ ಹೊಸ ಮೊಬೈಲ್ ರಿಪೇರಿ ಅಂಗಡಿಯಾಗಿದೆ ಎಂದು ಯಾರೋ ಹೇಳಿದ್ದರು. ಯಾರದೆಂದು ಅವಳು ಕೇಳಿರಲಿಲ್ಲ.

“ಕೂತ್ಕೊಳ್ಳಿ,” ಅಂದ ಅವನು, ಯಾವ ಗಿರಾಕಿಗಾದರೂ ಹೇಳುವ ದನಿಯಲ್ಲಿ. ಕೈ ಚಾಚಿ ಫೋನು ತೆಗೆದುಕೊಂಡ.

ಚಿನ್ಮಯೀ ಹತ್ತಿರದ ಆಲೆಟ್ಟಿ ಎಂಬ ಹಳ್ಳಿಯವಳು. ಸುಳ್ಯದಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಅದೇ ಕಟ್ಟಡದ ಕೆಳಗಿನ ಅಂತಸ್ತಿನಲ್ಲಿ ಶೈಲೇಶ್ ಆಗ ಫೋನ್ ರಿಪೇರಿ ಕಲಿಯುತ್ತಿದ್ದ. ಸಂಜೆ ಇಬ್ಬರಿಗೂ ಒಂದೇ ಬಸ್ಸು. ಒಂದು ವರ್ಷ ಆ ಬಸ್ಸಿನಲ್ಲಿ ಅವರು ಆಡಿದ ಮಾತುಗಳಲ್ಲಿ ಪ್ರೀತಿ ಎಂಬ ಶಬ್ದ ಒಮ್ಮೆಯೂ ಬಂದಿರಲಿಲ್ಲ.

ಪುಣೆಯಲ್ಲಿ ಕೆಲಸ ಸಿಕ್ಕಿ ಹೊರಟ ದಿನ, ಬಸ್ ನಿಲ್ದಾಣದಲ್ಲಿ ಅವನು ಹೇಳಿದ್ದ. “ನಿಮ್ಮ ಮನೆಗೆ ಕೇಳ್ಲಿಕ್ಕೆ ಬರ್ಬೇಕು ಅಂತ ಮನಸ್ಸಲ್ಲಿ ಉಂಟು. ಈಗ ಎಂತ ಹೇಳುದು ಬೇಡ. ಅಲ್ಲಿಗೆ ಮುಟ್ಟಿ ಫೋನ್ ಮಾಡ್ತೇನೆ. ಇಷ್ಟ ಇಲ್ಲದಿದ್ರೆ ತೆಗಿಬೇಡಿ. ಮತ್ತೆ ನಾನು ಉಪದ್ರ ಕೊಡುದಿಲ್ಲ.”

ಆ ಕರೆಗಾಗಿ ಅವಳು ಕಾದಳು. ಫೋನು ಪಕ್ಕದಲ್ಲಿಟ್ಟುಕೊಂಡೇ ಹೊಲಿದಳು, ಉಂಡಳು, ಮಲಗಿದಳು. ಸದ್ದಾದಾಗಲೆಲ್ಲ ಎದೆ ಹಾರುತ್ತಿತ್ತು. ನೋಡಿದರೆ ಸಾಲ ಬೇಕೇ ಎನ್ನುವ ಸಂದೇಶ, ಸೀರೆಯ ರಿಯಾಯಿತಿ, ಯಾವುದೋ ಆಟದ ಆಹ್ವಾನ. ಗೊತ್ತಿಲ್ಲದ ನಂಬರುಗಳಿಂದ ವಿಮೆಯವರ ಕರೆ.

ಅವನು ಕರೆ ಮಾಡುವ ಹೊತ್ತಿಗೆ ತನ್ನ ಫೋನು ಬ್ಯುಸಿ ಬಂದುಬಿಟ್ಟರೆ? ಆ ಭಯಕ್ಕೆ ಅವಳು ಗುರುತಿಲ್ಲದ ನಂಬರು ಬಂದ ಕೂಡಲೇ ಕತ್ತರಿಸಿ ಬ್ಲಾಕ್ ಮಾಡತೊಡಗಿದಳು.

ವಾರ ಕಳೆಯಿತು, ತಿಂಗಳು ಕಳೆಯಿತು. ನಾಚಿಕೆ ಬಿಟ್ಟು ಅವಳೇ ಕರೆ ಮಾಡಿದರೆ ಅವನ ನಂಬರು ಸ್ವಿಚ್ ಆಫ್. ನಂಬರನ್ನೇ ಬದಲಾಯಿಸಿದ್ದಾನೆ... ಅಷ್ಟು ಬೇಡವಾದೆನೇ ನಾನು?

ಆದರೂ ಜಾಹೀರಾತಿನ ಸದ್ದನ್ನು ನಿಲ್ಲಿಸಲು ಅವಳಿಗೆ ಮನಸ್ಸು ಬರಲಿಲ್ಲ. ನೂರು ಸಲ ಮೋಸಹೋದ ಮೇಲೂ, ಮುಂದಿನ ಸದ್ದು ಅವನದೇ ಇರಬಹುದು ಅನ್ನಿಸುತ್ತಿತ್ತು.

ಕಳೆದ ವಾರ ಅವಳು ಸೋತಳು. ಕಲ್ಲುಗುಂಡಿಯ ಹುಡುಗನ ಕಡೆಯವರು ಭಾನುವಾರ ನೋಡಲು ಬರಬಹುದೇ ಎಂದು ಅಪ್ಪ ಮಹೇಶ್ವರ ಕೇಳಿದಾಗ ಹೂಂ ಅಂದುಬಿಟ್ಟಳು. ಇನ್ನು ಕಾಯುವುದಿಲ್ಲ ಎಂದಾದ ಮೇಲೆ ಆ ಸದ್ದುಗಳೂ ಬೇಡವಾದವು.

ಶೈಲೇಶ್ ಪರದೆಯನ್ನು ಕೆಳಗೆಳೆದ. ಒಂದೊಂದೇ ಜಾಹೀರಾತನ್ನು ಒತ್ತಿ ಹಿಡಿದು, ಅದು ಯಾವ ಆ್ಯಪಿನದೆಂದು ನೋಡಿ, ಅದರ ನೋಟಿಫಿಕೇಶನ್ ಬಂದ್ ಮಾಡುತ್ತ ಹೋದ. ಅವಳು ಮರೆತೇಹೋಗಿದ್ದ ಫೋಟೋ ಆ್ಯಪು, ಟಾರ್ಚಿನ ಆ್ಯಪುಗಳನ್ನು ತೆಗೆದುಹಾಕಿದ. ಬ್ರೌಸರಿನಲ್ಲಿ ಎಂದೋ ‘ಅನುಮತಿಸಿ’ ಎಂದು ಒತ್ತಿದ್ದ ವೆಬ್‌ಸೈಟುಗಳೇ ಇಪ್ಪತ್ತೆರಡಿದ್ದವು. ಇನ್ನು ಮುಂದೆ ಹಾಗೆ ಕೇಳಿದರೆ ಬೇಡ ಎಂದೇ ಒತ್ತಬೇಕು ಎಂದು ತಲೆ ಎತ್ತದೆ ಹೇಳಿಕೊಟ್ಟ.

ಹಣೆಯ ಹತ್ತಿರ ಒಂದೆರಡು ಬಿಳಿ ಕೂದಲು ಬಂದಿವೆ ಇವನಿಗೆ, ಎಂದುಕೊಂಡಳು ಚಿನ್ಮಯೀ. ಕೇಳಬೇಕೆನಿಸಿದ ಪ್ರಶ್ನೆ ಒಂದೇ. ಅದನ್ನು ಬಿಟ್ಟು, ಅಂಗಡಿಯ ಗಿರಾಕಿ ದೇವಕಿ ಅಕ್ಕನ ಕರೆ ತನಗೆ ಬರುತ್ತಿಲ್ಲ, ಮಗಳ ಮದುವೆಯ ರವಿಕೆಗೆಂದು ಹತ್ತು ಸಲ ಮಾಡಿದರಂತೆ, ಜಾಹೀರಾತಿನವರ ಜೊತೆ ಅವರನ್ನೂ ಬ್ಲಾಕ್ ಮಾಡಿರಬಹುದು ಎಂದಳು.

ಅವನು ಬ್ಲಾಕ್ ಆದ ನಂಬರುಗಳ ಪಟ್ಟಿ ತೆರೆದ. ಅರವತ್ತಮೂರು ಇದ್ದವು. ದೇವಕಿ ಅಕ್ಕನ ನಂಬರು ಸಿಕ್ಕಿತು, ಬಿಡಿಸಿದ. ಇನ್ನೂ ಕೆಳಗೆ ಸರಿಸಿದ ಬೆರಳು ಒಂದು ಕಡೆ ನಿಂತೇಬಿಟ್ಟಿತು.

“ಇದು...” ಅವನು ಪರದೆಯನ್ನು ಅವಳ ಕಡೆ ತಿರುಗಿಸಿದ. “ಇದನ್ನು ಹೀಗೇ ಬಿಡುದಾ?”

“ಯಾರದ್ದು ಅದು?”

“ನನ್ನದು.”

ಹೊರಗೆ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಚಿನ್ಮಯೀಗೆ ಅದು ಕೇಳಿಸಲಿಲ್ಲ.

ಪುಣೆಗೆ ಹೋಗುವಾಗ ರೈಲಿನಲ್ಲಿ ತನ್ನ ಫೋನು ಕಳುವಾಯಿತು, ಬಾಯಿಪಾಠವಿದ್ದ ಅವಳ ನಂಬರಿಗೆ ಕಂಪನಿಯವರು ಕೊಟ್ಟ ಹೊಸ ನಂಬರಿನಿಂದಲೇ ಕರೆ ಮಾಡಿದೆ ಎಂದು ಅವನು ನಿಧಾನವಾಗಿ ಹೇಳಿದ. ಮೊದಲನೆಯ ಸಲ ಎರಡು ರಿಂಗಿಗೆ ಕಟ್ ಆಗಿತ್ತು. ಮತ್ತೆ ಕರೆ ಹೋಗಲೇ ಇಲ್ಲ.

ಅವಳು ಫೋನು ಕಸಿದುಕೊಂಡು, ಬ್ಲಾಕ್ ಆದ ಸಂದೇಶಗಳನ್ನು ತೆರೆದಳು. ಸಾಲದವರು, ವಿಮೆಯವರ ನಡುವೆ ಮೂರು ಸಂದೇಶ.

‘ನಾನು ಶೈಲೇಶ್. ಫೋನು ಕಳೆದುಹೋಯಿತು, ಇದು ಹೊಸ ನಂಬರು.’

‘ಕೆಲಸದಲ್ಲಿದ್ದೀರೇನೋ. ರಾತ್ರಿ ಮಾಡುತ್ತೇನೆ.’

ಮೂರನೆಯದು ಐದು ದಿನದ ನಂತರದ್ದು. ‘ಅರ್ಥ ಆಯಿತು. ಚೆನ್ನಾಗಿರಿ.’

ಅಕ್ಷರಗಳು ಮಂಜಾದವು. ಇವನಿಗಾಗಿ ದಾರಿ ಖಾಲಿ ಇಡಲು ಹೋಗಿ ಇವನನ್ನೇ ಹೊರಗೆ ನಿಲ್ಲಿಸಿದೆನಲ್ಲ...

“ಒಮ್ಮೆ ಬಂದು ಕೇಳ್ಬಹುದಿತ್ತು,” ಅಂದಳು, ಅಳುತ್ತಲೇ.

“ಉಪದ್ರ ಕೊಡುದಿಲ್ಲ ಅಂತ ಮಾತು ಕೊಟ್ಟಿದ್ದೆ. ಊರಿಗೆ ಬಂದು ಮೂರು ವಾರ ಆಯ್ತು. ನಿಮ್ಮ ಅಂಗಡಿಯ ಮೆಟ್ಟಿಲಿನವರೆಗೆ ದಿನಾ ಬಂದು ವಾಪಸ್ ಹೋಗುದು.”

“ಅದು ನಿಮ್ಮ ಕಾಲ್ ಅಂತ ಗೊತ್ತಿದ್ರೆ ಮೊದಲ ರಿಂಗಿಗೇ ತೆಗಿತಿದ್ದೆ, ಶೈಲೇಶ್. ಅದೊಂದಕ್ಕೇ ಕಾದು ಕೂತಿದ್ದೆ.”

ಅವನ ಕಣ್ಣು ತುಂಬಿತು.

ಚಿನ್ಮಯೀ ಸೆರಗಿನಿಂದ ಮುಖ ಒರೆಸಿಕೊಂಡಳು. ಅಲ್ಲೇ ನಿಂತು ಅಪ್ಪನಿಗೆ ಫೋನ್ ಮಾಡಿದಳು. ಕಲ್ಲುಗುಂಡಿಯವರಿಗೆ ಬರುವುದು ಬೇಡವೆಂದು ಇವತ್ತೇ ತಿಳಿಸಬೇಕು, ತಪ್ಪು ತನ್ನದು, ಅವರ ಹತ್ತಿರ ಕ್ಷಮೆ ಕೇಳಬೇಕು ಎಂದಳು.

“ಎಂತ ಹೇಳಿದ್ರು?” ಅವಳು ಫೋನಿಟ್ಟ ಮೇಲೆ ಕೇಳಿದ.

“ಯಾಕೆ ಅಂತ ಕೇಳಿದ್ರು. ಮನೆಗೆ ಬಂದು ಹೇಳ್ತೇನೆ ಅಂದೆ.”

“ಒಬ್ಬರೇ ಹೇಳುದಾ?”

“ನೀವು ಬಂದ್ರೆ ಇಬ್ಬರು.”

ಶೈಲೇಶ್ ಎದ್ದು ಅಂಗಿ ಸರಿಮಾಡಿಕೊಂಡ. ಹೊರಗೆ ಬಂದು ಶಟರ್ ಎಳೆದ.

“ಗಂಟೆ ಮೂರು ಆದದ್ದಷ್ಟೆ,” ಅಂದಳು ಅವಳು ಮೆಲ್ಲಗೆ. “ಗಿರಾಕಿಗಳು ಬಂದ್ರೆ?”

“ನಾಳೆ ಬರ್ತಾರೆ ಅವರು. ನೀವು ಬನ್ನಿ.”