ಬಸ್ಸು ಮರೆಯಾಗುವವರೆಗೆ

"ಬಸ್ಸು ಇನ್ನೂ ಕಾಣ್ತಿದೆ! ಕೈ ಮೇಲೆತ್ತು!"

ಅತ್ತೆ ತೊಮಿಯೆ ಮುಖದ ನಗು ಕದಡದಂತೆ, ತುಟಿ ಅಲ್ಲಾಡಿಸದೆ ಹಲ್ಲುಕಚ್ಚಿ ಹೇಳಿದ ಮಾತು ಪಕ್ಕದಲ್ಲಿದ್ದ ಸೊಸೆ ಅಯಾನೋಳಿಗೆ ಮಾತ್ರ ಕೇಳಿಸಿತು. ಎತ್ತಲು ನೋಡಿದಳು. ಭುಜದಿಂದ ಬೆರಳ ತುದಿಯವರೆಗೆ ಯಾರೋ ಹಿಂಡಿದಂಥ ನೋವು... ಕೈ ತಾನಾಗಿಯೇ ಕೆಳಗೆ ಬಿತ್ತು. ಬಸ್ಸಿನ ಹಿಂದಿನ ಗಾಜಿನಿಂದ ಹಳೆಯ ಅತಿಥಿ ಸೆಕಿಗುಚಿ ಅಜ್ಜಿ ಇನ್ನೂ ಕೈಬೀಸುತ್ತಲೇ ಇದ್ದರು.

ಕಾಗಾ ಸೀಮೆಯ ಬಿಸಿನೀರಿನ ಬುಗ್ಗೆಯೂರಿನಲ್ಲಿ 'ಮತ್ಸುಕಾಜೆ' ಎಂಬ ಹಳೆಯ ವಸತಿಮನೆ ಅದು. ಹೊರಟ ಅತಿಥಿಯ ಬಸ್ಸು ಸೇತುವೆ ದಾಟಿ ತಿರುಗುವವರೆಗೆ ಮನೆಯ ಹೆಂಗಸರು ಬಾಗಿಲಲ್ಲಿ ನಿಂತು ಕೈಬೀಸಬೇಕು. ಮಳೆಯಿರಲಿ, ಹಿಮ ಸುರಿಯಲಿ, ಅಷ್ಟರೊಳಗೆ ಕೈ ಇಳಿಸಿದರೆ 'ತೊಲಗಿದಿರಲ್ಲ, ಸಾಕು' ಎಂದು ಹೇಳಿದಂತೆ. ತೊಮಿಯೆಯ ಕೈ ಮದುವೆಯಾಗಿ ಬಂದಂದಿನಿಂದ ಒಮ್ಮೆಯೂ ಇಳಿದಿರಲಿಲ್ಲ. ಅದನ್ನು ಆಕೆ ದಿನಕ್ಕೊಮ್ಮೆಯಾದರೂ ಹೇಳಿಕೊಳ್ಳುತ್ತಿದ್ದಳು ಕೂಡ!

"ನಿನ್ನ ಕೈಗೇನು ಲಕ್ವ ಹೊಡೆದಿದ್ಯಾ? ಸೆಕಿಗುಚಿ ಅಜ್ಜಿ ಏನಂದ್ಕೊಂಡಿರ್ಬೇಕು! ಶರತ್ಕಾಲಕ್ಕೆ ಈ ಮನೆ ಯಜಮಾನಿಕೆ ನಿನ್ನ ಕೈಗೆ ಕೊಡೋಣ ಅಂತಿದ್ದೆ. ಯಾವ ಕೈಗೆ ಕೊಡ್ಲಿ? ಮೇಲೇಳದ ಈ ಕೈಗಾ?"

"ನೋವಾಗತ್ತೆ ಅತ್ತೇ..."

"ನೋವು ಯಾರಿಗಿಲ್ಲ? ಹಲ್ಲುಕಚ್ಚಿ ನಿಂತ್ಕೋಬೇಕು."

ಅಯಾನೋ ಹಲ್ಲುಕಚ್ಚಿಯೇ ನಿಂತಳು. ಅದೇ ತಪ್ಪಾಯಿತು. ನಮ್ಮವರಿಗೆ ನೋವು ನುಂಗುವುದೆಂದರೆ ದೊಡ್ಡ ಗುಣ. ಕೂದಲು ಬಾಚಲು ಕೈ ಮೇಲೇಳದಿದ್ದರೂ, ಬಾಗಿ ಏಳುವಾಗ ಕಣ್ಣು ಕತ್ತಲಿಟ್ಟರೂ ಆಕೆ ಗಂಡ ಶೂಹೇಗೆ ಕೂಡ ಬಾಯಿಬಿಡಲಿಲ್ಲ. ಕೆಲಸಗಾರರ ವರ್ಷದ ತಪಾಸಣೆಯಲ್ಲಿ ನರ್ಸಮ್ಮ ಎಡತೋಳಿಗೆ ರಕ್ತದೊತ್ತಡದ ಪಟ್ಟಿ ಸುತ್ತಿ, ಯಂತ್ರ ಕೆಟ್ಟಿದೆಯೆಂದು ಇನ್ನೊಂದು ತಂದು, ಅದೂ ಕೆಟ್ಟಿದೆಯೆಂದು ಗೊಣಗಿದ ಮೇಲೆಯೇ ವಿಷಯ ಹೊರಬಿದ್ದದ್ದು. ದೊಡ್ಡಾಸ್ಪತ್ರೆಯ ಡಾಕ್ಟರ್ ಕುರೊಕಾವಾ ಆಕೆಯ ಮಣಿಕಟ್ಟು ಹಿಡಿದು ಬೆರಳು ಅತ್ತಿತ್ತ ಸರಿಸಿ ಹುಡುಕಿದರು.

"ನಾಡಿ ಸಿಗ್ತಿಲ್ಲ."

"ನಾನು ಬದುಕಿದೀನಿ ಅಲ್ವಾ ಡಾಕ್ಟ್ರೇ?" ಎಂದಳು ಅಯಾನೋ. ಡಾಕ್ಟರಮ್ಮ ನಕ್ಕುಬಿಟ್ಟರು. ಆಮೇಲೆ ನಗು ನಿಲ್ಲಿಸಿ ವಿವರಿಸಿದರು.

"ರೋಗ ಬಂದ್ರೆ ಹೊಡೆದೋಡ್ಸೋಕೆ ಅಂತ ಮೈಯೊಳಗೆ ಕಾವಲುಗಾರರು ಇರ್ತಾರೆ. ನಿಮ್ಮವರು ನಿಮ್ಮ ದೊಡ್ಡ ರಕ್ತನಾಳಗಳ ಮೇಲೇ ತಿರುಗಿಬಿದ್ದಿದಾರೆ. ನಾಳ ಉರಿದು, ಗೋಡೆ ದಪ್ಪ ಆಗಿ, ದಾರಿ ಕಿರಿದಾಗಿದೆ. ಅದಕ್ಕೇ ಕೈಗೆ ರಕ್ತ ಸಾಲ್ತಿಲ್ಲ. ಹೀಗೇ ಬಿಟ್ರೆ ಮಿದುಳು, ಹೃದಯ... ಬೇಡ, ಬಿಡೋದಿಲ್ಲ. ಆ ಕಾವಲುಗಾರರ ಕೈ ಕಟ್ಟೋಣ. ಸ್ಟೀರಾಯ್ಡ್ ಮಾತ್ರೆ ಕೊಡ್ತೀನಿ. ಮುಖ ಊದತ್ತೆ, ಸೋಂಕು ಬೇಗ ತಗಲತ್ತೆ. ಏನೇ ಆದ್ರೂ ನೀವಾಗೇ ನಿಲ್ಲಿಸಬಾರದು!"

ನೋವು ಇಳಿಯತೊಡಗಿತು, ಮುಖ ಊದತೊಡಗಿತು. ಕೆನ್ನೆ ತುಂಬಿ, ಗದ್ದ ಹೂತುಹೋಗಿ, ಕಣ್ಣು ಸಣ್ಣಗಾಯಿತು. ಕನ್ನಡಿ ಮುಂದೆ ನಿಂತರೆ ಅಯಾನೋಳಿಗೇ ತಾನು ಯಾರೋ ಎನಿಸುತ್ತಿತ್ತು. ತೊಮಿಯೆ ಆಕೆಯನ್ನು ಬಾಗಿಲಿನಿಂದ ಎತ್ತಿ ಹಿಂದಿನ ಪಾತ್ರೆ ಕೋಣೆಗೆ ಹಾಕಿದಳು.

"ಈ ಮುಖ ಹೊತ್ಕೊಂಡು ಅತಿಥಿಗಳ ಮುಂದೆ ಬರ್ಬೇಡ. ಯಜಮಾನಿಕೆ ಒಪ್ಪಿಸೋ ದಿನ ಹತ್ರ ಬಂತು, ಊರಿಗೆ ಊರೇ ಬರತ್ತೆ. ಅಲ್ಲೀವರೆಗೆ ಆ ಮಾತ್ರೆ ನಿಲ್ಸು. ಮುಖ ಇಳೀಲಿ. ಆಮೇಲೆ ಎಷ್ಟು ಬೇಕೋ ಅಷ್ಟು ನುಂಗು."

"ಡಾಕ್ಟರು ನಿಲ್ಲಿಸಬಾರದು ಅಂದಿದಾರೆ ಅತ್ತೇ."

"ಡಾಕ್ಟರು ಬಂದು ಬಾಗಿಲಲ್ಲಿ ನಿಲ್ತಾರಾ? ನಿಲ್ಸೋಕಾಗ್ದಿದ್ರೆ ಹೇಳು. ಈ ಮನೆಗೆ ಬೇರೆ ಯಜಮಾನಿ ಹುಡುಕ್ತೀನಿ."

ಅಯ್ಯೋ, ಎಂಥ ಮಾತು! ಅಯಾನೋ ಆ ಮನೆಯನ್ನು ತನ್ನದೆಂದು ನಂಬಿ ಬಂದವಳು. ಅಂದಿನಿಂದ ಮಾತ್ರೆ ಚಹಾ ಬಟ್ಟಲಿನ ಹಿಂದೆ ಹಾಗೆಯೇ ಉಳಿಯಿತು.

ಒಪ್ಪಿಸುವ ದಿನ ಬೆಳಗ್ಗೆ ತೊಮಿಯೆ ತನ್ನ ಕೈಯಾರೆ ಸೊಸೆಗೆ ಕಿಮೊನೊ ಉಡಿಸುತ್ತಿದ್ದಳು. ಹಿಂದೆ ನಿಂತು ರೇಷ್ಮೆಯ ನಡುಪಟ್ಟಿ ಬಿಗಿಯುತ್ತಿದ್ದಾಗ ಅಯಾನೋ "ಅತ್ತೇ... ಕಾಣಿಸ್ತಿಲ್ಲ..." ಎಂದಳು. ಅಷ್ಟೇ. ಸುತ್ತಿದ ಪಟ್ಟಿಯ ಸಮೇತ ಅತ್ತೆಯ ಎದೆಗೇ ಒರಗಿ ಕುಸಿದಳು. ತೊಮಿಯೆ ಗಾಬರಿಯಿಂದ ಆಕೆಯ ಮಣಿಕಟ್ಟು ಹಿಡಿದಳು. ಅಲ್ಲಿ ಏನೂ ಇಲ್ಲ! ಆ ನಾಡಿ ಮೊದಲಿನಿಂದಲೂ ಸಿಗುತ್ತಿರಲಿಲ್ಲವೆಂಬುದೇ ಆಕೆಗೆ ಮರೆತುಹೋಗಿತ್ತು.

"ಶೂಹೇ! ಓಡಿ ಬಾರೋ! ಕೊಂದುಬಿಟ್ಟೆ ಕಣೋ... ನಿನ್ನ ಹೆಂಡ್ತೀನ ನಾನೇ ಕೊಂದುಬಿಟ್ಟೆ!"

ಬಂದಿದ್ದ ಅತಿಥಿಗಳ ನಡುವೆಯೇ ಆಂಬುಲೆನ್ಸ್ ಹೊರಟಿತು. ಅಂದು ಬಾಗಿಲಲ್ಲಿ ನಿಂತು ಕೈಬೀಸುವವರು ಯಾರೂ ಇರಲಿಲ್ಲ.

ಆಸ್ಪತ್ರೆಯಲ್ಲಿ ಅಯಾನೋಳಿಗೆ ಎಚ್ಚರವಾದಾಗ ಡಾಕ್ಟರ್ ಕುರೊಕಾವಾ ಕೆಂಡವಾಗಿದ್ದರು. "ಮಾತ್ರೆ ನಿಲ್ಲಿಸಿ ಅಂತ ಯಾರು ಹೇಳಿದ್ದು ನಿಮಗೆ?"

"ಯಾರೂ ಇಲ್ಲ ಡಾಕ್ಟ್ರೇ. ನಾನೇ. ಮುಖ ನೋಡ್ಕೊಳ್ಳೋಕೆ ಬೇಜಾರಾಗಿ..."

ಮೂಲೆಯಲ್ಲಿದ್ದ ತೊಮಿಯೆ ಆ ಮಾತು ಕೇಳಿದಳು. ಜರಿಯ ಕಿಮೊನೊದಲ್ಲೇ ಆಸ್ಪತ್ರೆಯ ನೆಲದ ಮೇಲೆ ಮಂಡಿಯೂರಿ ಹಣೆ ಹಚ್ಚಿದಳು.

"ಸುಳ್ಳು! ನಿಲ್ಸು ಅಂದವಳು ನಾನು. ಮನೆ ಮಾನ, ಮನೆ ಮಾನ ಅಂತ ಬಡ್ಕೊಂಡೆ... ನನ್ನನ್ನ ಕಾಪಾಡೋಕೆ ಹೋಗಿ ಸುಳ್ಳು ಹೇಳ್ತಿದಾಳೆ ಈ ಹುಚ್ಚಿ! ನನ್ನನ್ನ ಬಯ್ಯಿರಿ ಡಾಕ್ಟ್ರೇ. ಅವಳನ್ನ ಉಳಿಸಿಕೊಡಿ!"

"ಏಳಿ ಅಮ್ಮಾ. ಬಯ್ಯೋದು ಇದ್ದೇ ಇದೆ, ಮೊದಲು ಕೆಲಸ ಆಗಲಿ," ಎಂದರು ಡಾಕ್ಟರ್. "ಮಾತ್ರೆ ಮತ್ತೆ ಶುರು ಆಗಿದೆ. ಜೊತೆಗೆ ವಾರಕ್ಕೊಂದು ಚುಚ್ಚುಮದ್ದು ಕೊಡೋಣ, ಅದೂ ಆ ಉರಿಯೂತ ಅಡಗಿಸೋದೇ. ಅದು ಹಿಡಿತಕ್ಕೆ ಬಂದ್ರೆ ಮಾತ್ರೆ ನಿಧಾನವಾಗಿ ಇಳಿಸಬಹುದು. ಮುಖವೂ ಇಳಿಯತ್ತೆ. ಮನೆಯಲ್ಲೇ ಚುಚ್ಚಬೇಕು. ಯಾರು ಚುಚ್ತೀರಿ?"

ಶೂಹೇ ಧೈರ್ಯವಾಗಿ ಮುಂದೆ ಬಂದ. ನರ್ಸಮ್ಮ ಸೂಜಿಯ ಮುಚ್ಚಳ ತೆಗೆದದ್ದೇ ತಡ, ಬಿಳುಚಿಕೊಂಡು ಗೋಡೆ ಹಿಡಿದ.

"ಅತ್ತ ಸರಿಯೋ, ಗಂಡಸು!" ಎಂದಳು ತೊಮಿಯೆ ಕಣ್ಣೊರೆಸಿಕೊಂಡು. "ನನಗೆ ಕಲಿಸಿ."

ಮೊದಲ ಸಲ ಸೊಸೆಯ ತೊಡೆಗೆ ಸೂಜಿ ಇಡುವ ಮುನ್ನ ಆ ಗಟ್ಟಿಗಿತ್ತಿ ಅದೇ ಜಾಗವನ್ನು ಮೂರು ಸಲ ಒರೆಸಿ, ಆಮೇಲೆ ಚುಚ್ಚಿದಳು. "ನೋವಾಯ್ತಾ?" ಎಂದು ಕೇಳಿದಳು. ಅಯಾನೋ ಹಲ್ಲುಕಚ್ಚಿ ಇಲ್ಲವೆಂದು ತಲೆಯಾಡಿಸಿದಳು.

"ಹಲ್ಲು ಬಿಡು! ನೋವಾದ್ರೆ ನೋವಾಯ್ತು ಅನ್ನು. ಈ ಮನೇಲಿ ಇನ್ಮೇಲೆ ಯಾರೂ ಹಲ್ಲುಕಚ್ಚೋ ಹಾಗಿಲ್ಲ."

"ನೋವಾಯ್ತು ಅತ್ತೇ! ತುಂಬಾ ನೋವಾಯ್ತು!" ಎಂದು ಅಯಾನೋ ಅತ್ತಳು. ಸೂಜಿಯ ನೋವಿಗಲ್ಲ, ಇಷ್ಟು ದಿನ ನುಂಗಿದ್ದಕ್ಕೆಲ್ಲ ಅತ್ತಳು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಮನಸಾರೆ ಅತ್ತರು.

ಆಮೇಲೆ ನೋಡಬೇಕಿತ್ತು ತೊಮಿಯೆಯ ಕಾರುಬಾರು! ಕೆಮ್ಮಿದ ಅತಿಥಿ, ಎಷ್ಟು ದೊಡ್ಡ ಮನುಷ್ಯನಾಗಲಿ, ಮಾಸ್ಕ್ ಹಾಕದೆ ಹೊಸಿಲು ದಾಟುವಂತಿರಲಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ಅಯಾನೋ ತನ್ನ ಕೂದಲನ್ನು ತಾನೇ ಎತ್ತಿ ಕಟ್ಟಿಕೊಂಡಳು. ಮಾತ್ರೆ ಅರ್ಧಕ್ಕಿಂತ ಕಡಿಮೆಯಾಗಿತ್ತು. ಮುಖ ಮಾತ್ರ ಪೂರ್ತಿ ಇಳಿದಿರಲಿಲ್ಲ.

"ಮುಖ ಇಳಿದ ಮೇಲೆ ಯಜಮಾನಿಕೆ ಕೊಡಿ ಅತ್ತೇ."

"ಯಾಕೆ? ಮುಖದಲ್ಲಿ ಕೈ ಬೀಸ್ತೀಯಾ? ಚೆರ್ರಿ ಹೂ ಬಿಟ್ಟ ದಿನವೇ ಕೊಡ್ತೀನಿ."

ಚೆರ್ರಿ ಹೂ ಬಿಟ್ಟ ಆ ದಿನ ಅತಿಥಿಗಳ ಮುಂದೆ ತೊಮಿಯೆ ಸೊಸೆಯನ್ನು ಮುಂದಿನ ಚಾಪೆಯ ಮೇಲೆ ಕೂರಿಸಿ ತಾನು ಹಿಂದೆ ಕುಳಿತಳು. "ಸೊಸೆ ಸ್ವಲ್ಪ ದುಂಡಗಾಗಿದಾಳಲ್ಲ?" ಎಂದು ಒಬ್ಬಾತ ನಕ್ಕ. "ಹೌದು ಸ್ವಾಮಿ! ಸಾವನ್ನ ಗೆದ್ದು ಬಂದಿರೋ ಮುಖ ಅದು. ಸರಿಯಾಗಿ ನೋಡ್ಕೊಳ್ಳಿ!" ಎಂದು ತೊಮಿಯೆ ಗುಡುಗಿದಳು. ಸೆಕಿಗುಚಿ ಅಜ್ಜಿ ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದರು.

ಮರುದಿನ ಅಜ್ಜಿಯ ಬಸ್ಸು ಹೊರಟಿತು. ಬಾಗಿಲಲ್ಲಿ ಹೊಸ ಯಜಮಾನಿ, ಪಕ್ಕದಲ್ಲಿ ಹಳೆಯ ಯಜಮಾನಿ. ಅಯಾನೋ ಕೈ ಎತ್ತಿದಳು. ಬಸ್ಸು ಅಕ್ಕಸಾಲಿಗರ ಅಂಗಡಿ ದಾಟಿತು, ಕೈ ಮೇಲೆಯೇ ಇತ್ತು. ಸೇತುವೆ ಹತ್ತಿತು, ಕೈ ಇನ್ನೂ ಮೇಲೆಯೇ! ಪಕ್ಕದಲ್ಲಿ ತೊಮಿಯೆಯ ಕೈ ಮಾತ್ರ, ಜೀವಮಾನದಲ್ಲಿ ಮೊದಲ ಬಾರಿಗೆ, ನಡುವೆಯೇ ಇಳಿದು ಸೆರಗಿನಂಥ ಕಿಮೊನೊ ತೋಳಿನಲ್ಲಿ ಕಣ್ಣೊರೆಸತೊಡಗಿತು.

ಅಯಾನೋ ತುಟಿ ಅಲ್ಲಾಡಿಸದೆ, ಮುಖದ ನಗು ಕದಡದಂತೆ ಹೇಳಿದಳು.

"ಅತ್ತೇ, ಬಸ್ಸು ಇನ್ನೂ ಕಾಣ್ತಿದೆ. ಕೈ ಮೇಲೆತ್ತಿ!"