ಸಾಲಾಗಿ ಬಂದ ಅರವತ್ತು ಕುರಿ

ಹರಿಯಬ್ಬೆಯ ಕಾಟಲಿಂಗಪ್ಪನ ಕುರಿರೊಪ್ಪದ ಬೇಲಿಯೊಳಗೆ ಬೆಳಗಾಗುವಷ್ಟರಲ್ಲಿ ಮೂವತ್ತೊಂದು ಕುರಿ ಸತ್ತುಬಿದ್ದಿದ್ದವು. ಕರುಳುಬೇನೆ. ನನ್ನ ಆ್ಯಪ್ ಮಾತ್ರ ಅವನ ಅರವತ್ತು ಕುರಿಗೂ ಲಸಿಕೆ ಆಗಿದೆ ಎನ್ನುತ್ತಿತ್ತು.

ಹೌದು, ನನ್ನದೇ. ಹಿರಿಯೂರಿನ ಕುರಿಗಾರರ ಸಂಘಕ್ಕೆ ಅದನ್ನು ಬರೆದುಕೊಟ್ಟವನು ನಾನು, ರವೀಂದ್ರ. ಮೊದಲು ಮಾಡಿದ್ದು ಆಂಡ್ರಾಯ್ಡ್ ಫೋನಿಗೆಂದೇ ಬರೆದ ನೇಟಿವ್ ಆ್ಯಪ್ — ಕುರಿಯ ಕಿವಿಯ ಟ್ಯಾಗ್ ಸ್ಕ್ಯಾನ್ ಆಗದೆ ಒಂದಕ್ಷರ ಒಳಗೆ ಹೋಗುತ್ತಿರಲಿಲ್ಲ. ಎರಡು ತಿಂಗಳ ಹಿಂದೆ ಅದನ್ನು ಬಿಟ್ಟು ಕ್ರಾಸ್-ಪ್ಲಾಟ್‌ಫಾರ್ಮ್‌ನಲ್ಲಿ ಮತ್ತೆ ಬರೆದೆ. ಒಂದೇ ಕೋಡ್, ಫೋನಿನಲ್ಲೂ ಓಡುತ್ತದೆ, ಕಂಪ್ಯೂಟರಿನಲ್ಲೂ. ಅಲ್ಲೇ ಎಡವಿದೆನೇ? ಡೇಟಾ ಕಲಸಿಹೋಯಿತೇ? ಹಾಗಿದ್ದರೆ ಆ ಮೂಕಪ್ರಾಣಿಗಳನ್ನು ಕೊಂದವನು ನಾನೇ.

ಕಾಟಲಿಂಗಪ್ಪ ಕೊಟ್ಟ ದೂರಿನ ಮೇಲೆ ಸಂಘದ ಕಚೇರಿಗೆ ಪಿ.ಎಸ್.ಐ. ಮೀನಾಕ್ಷಿ ಬಂದರು. ತುರುವನೂರಿನ ಕುರಿಗಾರರ ಮನೆಯ ಮಗಳು. ಕಾಟಲಿಂಗಪ್ಪ ಗೋಡೆಗೊರಗಿ ಕೂತಿದ್ದ. ಲಸಿಕೆ ಹಾಕುವ ಮಾರುತೇಶ ನಿಂತಲ್ಲೇ ಬೆವರುತ್ತಿದ್ದ.

"ಮಾರುತೇಶ್, ಎಂಟ್ರಿ ನಿನ್ನ ಹೆಸರಿನಾಗೈತೆ. ಹಾಕಿದ್ಯಾ?"

"ಇಲ್ಲ ಮೇಡಂ. ಹರಿಯಬ್ಬೆಗೆ ನಾನು ಹೋಗೇ ಇಲ್ಲ."

"ಇವ್ನು ಸುಳ್ಳು ಹೇಳ್ತಾನೆ," ಎಂದರು ಕಾರ್ಯದರ್ಶಿ ಪ್ರಭುಲಿಂಗ. "ಇಲ್ಲಾಂದ್ರೆ ರವೀಂದ್ರನ ಆ್ಯಪ್ ಕೆಟ್ಟೈತೆ. ಎರಡ್ರಾಗೊಂದು."

ಮೀನಾಕ್ಷಿ ನನ್ನತ್ತ ತಿರುಗಿದರು. "ಪಟ್ಟಿ ತೆಗೀರಿ. ಎಂಟ್ರಿ ಆದ ಹೊತ್ತಿನ ಪ್ರಕಾರ."

ತೆಗೆದೆ. ಟ್ಯಾಗ್ ಒಂದು, ಎರಡು, ಮೂರು — ಅರವತ್ತರವರೆಗೆ. ಎಷ್ಟು ಅಚ್ಚುಕಟ್ಟು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದ ಪಟ್ಟಿ.

"ಕಾಟಲಿಂಗಪ್ಪಣ್ಣ, ರೊಪ್ಪದ ಬಾಗಿಲಾಗೆ ಕುರಿ ನಂಬರ್ ಪ್ರಕಾರ ಬರ್ತಾವೇನು?"

"ಎಲ್ಲಿ ಬರ್ತಾವವ್ವ. ಕೈಗೆ ಸಿಕ್ಕಿದ್ದನ್ನ ಹಿಡಿಯೋದು."

"ಈ ಪಟ್ಟಿಯಾಗೆ ಸಾಲಾಗಿ ಬಂದಾವೆ. ಯಾಕಂದ್ರೆ ಬರೆಯೋವಾಗ ಮುಂದೆ ಕುರಿನೇ ಇರಲಿಲ್ಲ. ಕುರ್ಚಿ ಮ್ಯಾಲೆ ಕುಂತು ಬರೆದದ್ದು. ರವೀಂದ್ರ, ಸ್ಕ್ಯಾನ್ ಇಲ್ದೆ ಹೆಂಗೆ ಒಳಗೆ ಹೋಯ್ತು?"

"ಕಂಪ್ಯೂಟರಿಗೆ ಕ್ಯಾಮೆರಾ ಇಲ್ಲ ಅಂತ... ಅಲ್ಲಿ ಸ್ಕ್ಯಾನ್ ಬೇಕೇ ಬೇಕು ಅನ್ನೋದನ್ನ ತೆಗೆಸಿದ್ರು ಮೇಡಂ."

"ಯಾರು?"

ನಾನು ಪ್ರಭುಲಿಂಗರನ್ನು ನೋಡಿದೆ. ಕಂಪ್ಯೂಟರ್ ಇದ್ದದ್ದು ಅವರ ಕೊಠಡಿಯಲ್ಲಿ. ಬೀಗದ ಕೈ ಅವರ ಜೇಬಿನಲ್ಲಿ.

"ಫ್ರಿಜ್ ಕೆಟ್ಟು ಲಸಿಕೆಯೆಲ್ಲ ಹಾಳಾಗಿತ್ತು," ಅವರ ದನಿ ಇಳಿಯಿತು. "ಮೇಲಿನೋರು ಕೇಳ್ತಾರೆ ಅಂತ ಮಾರುತೇಶನ ಹೆಸರಿನಾಗೆ ಬರೆದುಬಿಟ್ಟೆ."

"ಇನ್ನೆಷ್ಟು ಹಟ್ಟಿ ಕುರಿಗೆ ಹಿಂಗೆ ಬರೆದೀರಿ?"

"ಒಂಬತ್ತು."

ಕೋಡ್ ಸರಿಯಾಗಿದೆಯಲ್ಲ ಎಂದು ಒಂದು ಗಳಿಗೆ ನಿರಾಳವಾದೆ, ನಾಚಿಕೆಗೆಟ್ಟವನು. ಆಮೇಲೆ ಮೊದಲ ಹಟ್ಟಿಗೆ ಫೋನ್ ಹಚ್ಚಿದೆ. ಎತ್ತಿದವಳು ಕುರಿಗಾರರ ಯಲ್ಲಕ್ಕ.

"ನಿಮ್ಮ ಕುರಿಗೆ ಲಸಿಕೆ ಆಗಿಲ್ಲ ಯಲ್ಲಕ್ಕ. ಈಗ್ಲೇ ಡಾಕ್ಟ್ರನ್ನ ಕರೆಸ್ರಿ."



"ಆಗ್ಲೇ ಹನ್ನೊಂದು ಬಿದ್ದಾವಪ್ಪ," ಎಂದಳು. "ಡಾಕ್ಟ್ರನ್ನ ಕರಿಯಾಣ ಅಂತ ನಮ್ಮನೆಯವ್ರು ಮೊನ್ನೇನೇ ಅಂದ್ರು. ನಾನೇ ಬ್ಯಾಡ ಅಂದೆ. ನಿನ್ನ ಆ್ಯಪಿನಾಗೆ ಲಸಿಕೆ ಆಗೈತೆ ಅಂತ ಐತಲ್ಲ."