ಅಳಿಸಿಹೋದ ನಾಲ್ಕು ದನಿ

ಯೋಗಿತಾ ಮೊರದಲ್ಲಿ ರಾಗಿ ಹರಡಿಕೊಂಡು ಕಲ್ಲು ಆರಿಸುತ್ತಿದ್ದಳು. ಮಾತಿಲ್ಲ, ಕತೆಯಿಲ್ಲ. ಬೆರಳು ಮಾತ್ರ ಓಡುತ್ತಿತ್ತು. ಕೊನೆಯ ಕಲ್ಲನ್ನು ಬಾಗಿಲಾಚೆ ಎಸೆದು, ಕೈ ಒರೆಸಿಕೊಂಡು, ಕಿಟಕಿಯಲ್ಲಿದ್ದ ಫೋನ್ ತೆಗೆದಳು. ಕ್ಲಾಸಿನ ಚರ್ಚೆಯ ಪುಟ ಒತ್ತಿದಳು.

ಅವಳ ದನಿ ಇರಲಿಲ್ಲ.

ಐದು ಗುರುವಾರ, ಬೆಳಿಗ್ಗೆ ಹನ್ನೊಂದಕ್ಕೆ, ಐದು ಉತ್ತರ. ಕೊಬ್ಬರಿಗೆ ಕಾಯಿ ಒಣಗಿಸುವ ಅಟ್ಟದ ಕೆಳಗಿನ ಮೂಲೆಯಲ್ಲಿ ನಾಚಿಕೆಗೆ ಕಂಬಳಿ ಹೊದ್ದು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಬೆವರುತ್ತಾ ರೆಕಾರ್ಡ್ ಮಾಡಿದ್ದಳು. ಈಗ ಉಳಿದಿದ್ದು ಒಂದೇ, ಮೂರನೇ ವಾರದ್ದು. ಮಿಕ್ಕ ನಾಲ್ಕರ ಜಾಗದಲ್ಲಿ ಬೂದು ಬಣ್ಣದ ಸಾಲು: ‘ಉತ್ತರವನ್ನು ಅಳಿಸಲಾಗಿದೆ.’

 ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವಳು, ಆರು ವರ್ಷದ ಮೇಲೆ ಆನ್‌ಲೈನ್ ಕ್ಲಾಸು ಸೇರಿ ಹತ್ತನೇ ತರಗತಿ ಕಟ್ಟಲು ಹೊರಟಿದ್ದಳು. ಚರ್ಚೆಯಲ್ಲಿ ಐದು ಸಲ ಮಾತಾಡಿದವರ ಹೆಸರು ಮಾತ್ರ ಪರೀಕ್ಷೆಗೆ ಹೋಗುತ್ತದೆ. ಇವತ್ತು ಮಧ್ಯಾಹ್ನ ಹನ್ನೆರಡಕ್ಕೆ ಪಟ್ಟಿ ಮುಚ್ಚುತ್ತದೆ. ಈಗ ಹತ್ತು ಗಂಟೆ.

ರೇಣುಕಪ್ರಸಾದ್ ಮೇಷ್ಟ್ರಿಗೆ ಬರೆದಳು. ಉತ್ತರ ಕೂಡಲೇ ಬಂತು: ‘ಅಳಿಸಿದ್ದು ನಿಮ್ಮ ಫೋನಿನಿಂದಲೇ. ನಿನ್ನೆ ಸಂಜೆ ಏಳೂವರೆಗೆ. ಕಾರಣ ನನಗೆ ಬೇಡ. ಪ್ರಶ್ನೆಗಳು ಅಲ್ಲೇ ಇವೆ. ಹನ್ನೆರಡರೊಳಗೆ ಐದು ದನಿ ಇದ್ದರೆ ಸಾಕು.’

ಮತ್ತೆ ಮಾತಾಡಬಹುದು. ಆದರೆ ಮತ್ತೆ ಅಳಿಸಿದರೆ? ಅಳಿಸಿದ ಕೈ ಈ ಮನೆಯಲ್ಲೇ ಇದೆ. ಮೊದಲು ಅದು ಯಾರದೆಂದು ತಿಳಿಯಬೇಕು.

ಅಮಾವಾಸ್ಯೆ. ಎತ್ತು ಹೂಡುವ ದಿನವಲ್ಲ, ಹಾಗಾಗಿ ಎಲ್ಲರೂ ಮನೆಯಲ್ಲಿದ್ದರು. ನಡುಮನೆಯಲ್ಲಿ ಅಪ್ಪ ರಂಗಪ್ಪ ಎಲೆಗೆ ಸುಣ್ಣ ಸವರುತ್ತಿದ್ದ. ಅವ್ವ ಚಿಕ್ಕಗೌರಮ್ಮ ಅವರೆಕಾಯಿ ಬಿಡಿಸುತ್ತಿದ್ದಳು. ಅಣ್ಣ ತಿಲಕ್ ಗೋಡೆಗೆ ಒರಗಿದ್ದ. ಅತ್ತಿಗೆ ಸುನಂದಾ ರವಿಕೆಗೆ ಗುಂಡಿ ಹೊಲಿಯುತ್ತಿದ್ದಳು.

ಯೋಗಿತಾ ಬಾಗಿಲಲ್ಲಿ ನಿಂತಳು. 

“ನಿನ್ನೆ ಸಂಜೆ ಫೋನ್ ಯಾರತ್ರ ಇತ್ತು?”

ಸುನಂದಾ ತಲೆ ಎತ್ತಿದಳು. “ಅಯ್ಯೋ ಶಿವನೆ. ಇವಳಿಗೂ ಬಾಯಿ ಐತಾ? ಫೋನಿಗೆ ಬಿಟ್ರೆ ಮನುಷ್ಯರಿಗೆ ತುಟಿ ಬಿಚ್ಚಲ್ಲ ಅಂದ್ಕಂಡಿದ್ದೆ.”

“ಯಾರತ್ರ ಇತ್ತು ಅತ್ತಿಗೆ?”

“ನನ್ನತ್ರ. ರವಿಕೆ ಡಿಸೈನ್ ನೋಡ್ತಿದ್ದೆ. ಏನೀಗ?”

“ಎಷ್ಟೊತ್ತಿನ ತನಕ?”

“ಏಳರ ತನಕ. ಆಮೇಲೆ ಅತ್ತೆ ಇಸ್ಕಂಡ್ರು.”

“ಕಿಬ್ಬನಹಳ್ಳಿ ನಿಮ್ಮ ದೊಡ್ಡವ್ವನ ಜೊತೆ ಮಾತಾಡ್ದೆ ಕಣವ್ವ,” ಎಂದಳು ಚಿಕ್ಕಗೌರಮ್ಮ. “ನಂಗೆ ಹಸಿರು ಗುಂಡಿ ಕೆಂಪು ಗುಂಡಿ ಬಿಟ್ರೆ ಇನ್ನೇನು ಗೊತ್ತು? ಮಾತಾಡಿ ಕಿಟಕಿ ಮೇಲೆ ಇಟ್ಟೆ.”

“ಅಲ್ಲಿಂದ ನಾನು ಚಾರ್ಜಿಗೆ ಹಾಕ್ದೆ,” ಎಂದ ತಿಲಕ್. “ಯಾಕ್ ಪುಟ್ಟಿ?”

ಹೇಳಿದಳು. ಅಣ್ಣ ಎದ್ದು ಬಂದು ಫೋನ್ ನೋಡಿ, ಅವಳ ತಲೆ ಸವರಿದ. ಕ್ಲಾಸಿಗೆ ಹೆಸರು ಸೇರಿಸಿದ್ದೇ ಅವನು. “ಇದು ಸರ್ವರ್ ತೊಂದರೆ ಕಣೇ. ಯಾರೂ ಅಳಿಸಿಲ್ಲ. ತಲೆ ಕೆಡಿಸ್ಕಬ್ಯಾಡ, ಮುಂದಿನ ವರ್ಷ ಕಟ್ಟಿದ್ರಾಯ್ತು ಬುಡು.”

“ಹೋಗ್ಲಿ ಬುಡು,” ಎಂದ ರಂಗಪ್ಪನೂ. “ಓದಿ ಯಾವ ಕಚೇರಿ ಆಳಬೇಕಾಗೈತೆ? ಒಲೆ ಮುಂದೆ ಹತ್ತನೇ ಕ್ಲಾಸು ಕೇಳ್ತಾರಾ?”

ಓದು ಬೇಡವೆನ್ನುವವನು ಅಪ್ಪ. ಆದರೆ ಅಪ್ಪನಿಗೆ ಫೋನ್ ಹಿಡಿಯಲೂ ಬಾರದು. ಅತ್ತಿಗೆಗೆ ಅಳಿಸಲು ಬರುತ್ತದೆ, ಅವಳ ಬಾಯಿ ಹರಿತ. ಆದರೆ ಅಳಿಸಿದರೆ ಐದನ್ನೂ ಅಳಿಸಬೇಕಿತ್ತಲ್ಲ? ಒಂದನ್ನು ಬಿಟ್ಟಿದ್ದೇಕೆ?

ಯೋಗಿತಾ ಹೊಸ್ತಿಲ ಮೇಲೆ ಕುಳಿತು ಪುಟವನ್ನು ಮೊದಲಿಂದ ನೋಡಿದಳು. ಉತ್ತರ ಹೋಗಿದ್ದರೂ ಕೆಳಗೆ ಮೇಷ್ಟ್ರು ಬರೆದ ಸಾಲುಗಳು ಉಳಿದಿದ್ದವು. ಬೇರೆಯವರ ಮಾತನ್ನು ಇವಳ ಫೋನಿನಿಂದ ಅಳಿಸಲಾಗದು.

ಮೊದಲ ವಾರ: ‘ಉತ್ತರ ಸರಿ. ಮಗುವಿನ ಗಿಲಕಿ ಸದ್ದು ಬರುತ್ತಿದೆ.’

ಎರಡನೇ ವಾರ: ‘ಚೆನ್ನಾಗಿದೆ. ಮಗು ಮಲಗಿದ ಮೇಲೆ ಮಾತಾಡಿ.’

ಮೂರನೇ ವಾರ: ‘ಇವತ್ತು ದನಿ ತಿಳಿಯಾಗಿದೆ.’

ನಾಲ್ಕು: ‘ಮತ್ತೆ ಗಿಲಕಿ.’ ಐದು, ನಿನ್ನೆ ಮಧ್ಯಾಹ್ನ ಬರೆದದ್ದು: ‘ಗಿಲಕಿ ಜಾಸ್ತಿಯಾಯಿತು, ಆದರೂ ಒಳ್ಳೆಯ ಉತ್ತರ.’

ಇವನ್ನೆಲ್ಲ ಅವಳು ಮೊದಲೇ ಓದಿದ್ದಳು. ‘ಸರಿ’, ‘ಚೆನ್ನಾಗಿದೆ’ ಎಂಬುದಷ್ಟೇ ಕಣ್ಣಿಗೆ ಬಿದ್ದಿತ್ತು.

ಗಿಲಕಿ? ಈ ಮನೆಯಲ್ಲಿ ಮಗುವೆಲ್ಲಿದೆ?

ಚಿಕ್ಕನಾಯಕನಹಳ್ಳಿಯ ವರ್ಷಿಣಿಗೆ ಫೋನ್ ಮಾಡಿದಳು. ಒಂದೇ ಕ್ಲಾಸಿನವಳು. ಇದುವರೆಗೆ ಸಂದೇಶದಲ್ಲೇ ಸ್ನೇಹ.

“ವರ್ಷಿಣಿ, ನನ್ನ ಉತ್ತರ ಯಾವುದಾದ್ರೂ ನಿನ್ನತ್ರ ಐತಾ?”

“ಅಮ್ಮಣ್ಣಿ ಫೋನ್ ಮಾಡಿಬಿಟ್ಲು,” ಎಂದು ಅವಳು ನಕ್ಕಳು. “ಎರಡನೇ ವಾರದ್ದು ಐತೆ ಕಣೇ. ಬರೆಯೋಕೆ ಬೇಕಿತ್ತು ಅಂತ ಇಟ್ಕಂಡಿದ್ದೆ. ಅದೊಂದೇ. ಕಳಿಸ್ಲಾ?”

“ಈಗ್ಲೇ ಕಳಿಸು.”

ಬಂತು. ಯೋಗಿತಾ ಎರಡು ಸಲ ಕಿವಿಗೊಟ್ಟು ಕೇಳಿ, ಮತ್ತೆ ನಡುಮನೆಗೆ ಬಂದಳು. ಹತ್ತೂ ಐವತ್ತು.

“ಇನ್ನೊಂದು ಕೇಳ್ತೀನಿ. ಎರಡು ವಾರದ ಹಿಂದಿನ ಗುರುವಾರ ಯಾರ್ಯಾರು ಎಲ್ಲಿದ್ರಿ?”

“ಪೊಲೀಸ್ನೋರು ಬಂದ್ರು, ಜಾಗ ಬುಡಿ,” ಎಂದಳು ಸುನಂದಾ. ಆದರೆ ನೆನಪಿಸಿಕೊಂಡಳು. “ಎಲ್ಲಾ ಗುರುವಾರದಂಗೇ. ನಾನು ಬಿಳಿಗೆರೆ ಹೊಲಿಗೆ ಕ್ಲಾಸಲ್ಲಿ. ಮಾವ ತೋಟದಲ್ಲಿ, ಅತ್ತೆ ದನದ ಜೊತೆ. ಇವರೊಬ್ರು ಊರಲ್ಲಿರಲಿಲ್ಲ. ಹಾಸನಕ್ಕೆ ಸ್ನೇಹಿತನ ಮದುವೆಗೆ ಹೋಗಿರಲಿಲ್ವಾ?”

“ಮಿಕ್ಕ ಗುರುವಾರ? ಹನ್ನೊಂದು ಗಂಟೆಗೆ?”

“ಇವರು ಗೂಡ್ಸ್ ಆಟೋ ತಗಂಡು ಊಟಕ್ಕೆ ಬರ್ತಾರಲ್ಲ.”

ತಿಲಕ್ ಗೋಡೆಯಿಂದ ಬೆನ್ನು ತೆಗೆದ. “ಏನೇ ಇದು, ಪಂಚಾಯ್ತಿ?”

“ಅಪ್ಪ, ಇದನ್ನ ಕೇಳು,” ಎಂದು ಯೋಗಿತಾ ಫೋನನ್ನು ರಂಗಪ್ಪನ ಕಿವಿಗೆ ಹಿಡಿದಳು. “ನನ್ನ ಮಾತು ಬ್ಯಾಡ. ಹಿಂದಿನ ಸದ್ದು ಕೇಳು.”

ಕಂಬಳಿಯೊಳಗಿನ ಸಣ್ಣ ದನಿ. ಅದರ ಹಿಂದೆ — ಗಡಗಡ. ತಡೆದು, ಗಡಗಡ. ಆಮೇಲೆ ಏನೋ ಗೋಣಿಗೆ ಬಿದ್ದ ಸದ್ದು.

ರಂಗಪ್ಪನ ಬಾಯಲ್ಲಿ ಎಲೆ ಹಾಗೇ ನಿಂತಿತು. “ಒಣಗಿದ ಕಾಯಿ ಅಲ್ಲಾಡ್ಸಿ ನೋಡ್ತಾವ್ರೆ. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟೈತೆ. ಎಲ್ಲಿದು?”

“ನಮ್ಮ ಅಟ್ಟ.”

“ಯುಗಾದಿ ಕಳೀದೆ ನಾನೇ ಅಟ್ಟಕ್ಕೆ ಕೈ ಹಾಕಲ್ಲ. ಯಾರ ಅಪ್ಪಣೆ?”

 ಯೋಗಿತಾ ಫೋನ್ ಕೆಳಗಿಟ್ಟಳು. ಮಾತು ಮಾತ್ರ ನಿಲ್ಲಿಸಲಿಲ್ಲ.

“ಹುಟ್ಟಿದಾಗಿಂದ ಕೇಳಿದ ಸದ್ದು. ಅದಕ್ಕೇ ಕಿವಿಗೆ ಬಿದ್ರೂ ನಂಗೆ ಕೇಳಲಿಲ್ಲ. ಮೇಷ್ಟ್ರು ತೆಂಗು ಕಾಣದ ಬೀದರ್ ಕಡೆಯೋರು, ಅವರಿಗೆ ಕೇಳ್ತು. ಗಿಲಕಿ ಅಂದ್ಕಂಡ್ರು. ಗಿಲಕಿ ಇದ್ದ ನಾಕೂ ಹೋದ್ವು. ಇಲ್ಲದ್ದು ಒಂದು ಉಳೀತು. ಅವತ್ತು ಇವರೆಲ್ಲಾ ಎಂದಿನಂಗೇ ಇದ್ರು. ಇಲ್ದೇ ಇದ್ದೋನು ಒಬ್ಬನೇ.” ಅವಳು ಅಣ್ಣನ ಕಡೆ ತಿರುಗಿದಳು. “ನಿನ್ನೆ ಚಾರ್ಜಿಗೆ ಹಾಕುವಾಗ ಮೇಷ್ಟ್ರು ಬರೆದದ್ದು ಓದ್ದೆ. ಸಿಕ್ಕಿಬೀಳ್ತೀನಿ ಅಂತ ಅಳಿಸ್ದೆ. ಅಲ್ವಾ ಅಣ್ಣ?”

“ಲೇ, ಸುಮ್ನಿರು. ಇಲಿ ಓಡಾಡಿದ್ರೂ ಕಾಯಿ ಸದ್ದಾಗ್ತದೆ.”

“ಇಲಿ ಗೋಣಿಗೆ ತುಂಬಲ್ಲ,” ಎಂದಳು ಚಿಕ್ಕಗೌರಮ್ಮ ತಲೆ ಎತ್ತದೆ.

ರಂಗಪ್ಪ ಏಣಿ ಹಾಕಿಸಿದ. ಮಂಡಿ ನೋವು ಮರೆತು ತಾನೇ ಹತ್ತಿದ. ಕೆಳಗಿನಿಂದ ನೋಡಿದರೆ ಅಟ್ಟ ತುಂಬಿದಂತೆಯೇ ಇತ್ತು. ಮುಂದಿನ ಎರಡು ಸಾಲು ಕಾಯಿ ಸರಿಸಿದ. ಅದರ ಹಿಂದೆ, ಗೋಡೆಯ ತನಕ, ಬರಿಯ ಹಲಗೆ. ಬೇಗ ಒಣಗಿದ್ದನ್ನೆಲ್ಲ ಸದ್ದು ನೋಡಿ ಆರಿಸಿ ಸಾಗಿಸಲಾಗಿತ್ತು.

“ಎಲ್ಲೋ ಹೋದ್ವು?” ಮೇಲಿನಿಂದಲೇ ಕೇಳಿದ.

ತಿಲಕ್ ಏಣಿಯ ಬುಡ ಹಿಡಿದುಕೊಂಡ. “ಮಾರಿ, ಆ ದುಡ್ಡಲ್ಲಿ ಫೋನಲ್ಲಿ ರಮ್ಮಿ ಆಡ್ದೆ. ಗೆದ್ದು ತಂದಿಡೋಣ ಅಂತಿದ್ದೆ.”

ಸುನಂದಾಳ ಕೈಯಿಂದ ರವಿಕೆ ಜಾರಿತು. “ಮನೇಲಿ ಇವಳಿದ್ದಾಗ್ಲೇ ಹತ್ತುತಿದ್ರಾ? ಹೆದರಿಕೆ ಆಗ್ಲಿಲ್ವಾ?”

“ಇವಳಲ್ವಾ,” ಎಂದ ತಿಲಕ್. “ಕಂಡ್ರೂ ಯಾರಿಗೂ ಹೇಳೋಳಲ್ಲ ಅಂತ.”

ಯೋಗಿತಾಳಿಗೆ ಕಾಯಿ ಹೋದದ್ದಕ್ಕಿಂತ ಆ ಮಾತೇ ಹೆಚ್ಚು ನಾಟಿತು. ಮರುಕ್ಷಣ ಮನೆ ಎದ್ದು ಕುಳಿತಿತು. ರಂಗಪ್ಪ ಏಣಿಯ ಮೇಲಿಂದಲೇ ಬೈಯುತ್ತಿದ್ದ, ಸುನಂದಾ ತವರಿಗೆ ಹೋಗುತ್ತೇನೆಂದಳು, ಚಿಕ್ಕಗೌರಮ್ಮ ಇಬ್ಬರನ್ನೂ ತಡೆಯುತ್ತಿದ್ದಳು, ತಿಲಕ್ ಅಪ್ಪನ ಏಣಿ ಹಿಡಿದುಕೊಂಡೇ ಅಳುತ್ತಿದ್ದ.

ಗಡಿಯಾರದಲ್ಲಿ ಹನ್ನೊಂದು ಇಪ್ಪತ್ತು.

ನಾಲ್ಕು ಪ್ರಶ್ನೆ, ನಲವತ್ತು ನಿಮಿಷ. ಯೋಗಿತಾ ಮೂಲೆಯ ಕಂಬಳಿ ನೋಡಿದಳು. ಅದನ್ನು ಮಡಿಸಿ ಪಕ್ಕಕ್ಕಿಟ್ಟಳು. ನಡುಮನೆಯ ನಡುವೆಯೇ ಕುಳಿತು, ಮೊದಲ ಪ್ರಶ್ನೆ ತೆರೆದು, ಮೈಕಿನ ಗುಂಡಿಯ ಮೇಲೆ ಬೆರಳಿಟ್ಟಳು.

“ನಾನು ಮಾತಾಡಬೇಕು,” ಎಂದಳು. “ಹನ್ನೆರಡರ ತನಕ ಎಲ್ಲರೂ ಸುಮ್ಮನಿರಿ.”

ರಂಗಪ್ಪ ಬೈಗುಳ ನುಂಗಿ ಏಣಿ ಇಳಿದ; ಅವಳು ಗುಂಡಿ ಒತ್ತಿದಳು.